ಎದುರು ದನಿಯ ಚೀಟಿಗಳು: ಹಳೆಯ ಕಾದಂಬರಿಗಳ ಹೆಣ್ಣುಮಕ್ಕಳನ್ನು ನಾವು ಓದಿದ ಬಗೆ

ನಾಯಕಿಯ ಎದುರು ನಿಂತವರ ಪಾತ್ರಗಳನ್ನು ಚೀಟಿಯಲ್ಲಿ ಬರೆದು ಹಂಚಿ ಕಾದಂಬರಿ ಓದಿಸುತ್ತೇನೆ ಎಂದು ಮೊದಲ ಸಲ ಹೇಳಿದಾಗ ನಮ್ಮ ಬಳಗದ ಹಿರಿಯರೊಬ್ಬರು, “ಇದು ಓದುವ ಜಾಗವೋ, ಮಕ್ಕಳ ಆಟದ ಅಂಗಳವೋ, ಟೀಚರ್?” ಎಂದು ಕೇಳಿದ್ದರು. ಪಕ್ಕದ ತಾಲ್ಲೂಕಿನಲ್ಲಿ ನನಗಿಂತ ಮೊದಲಿನಿಂದ ಓದುಬಳಗ ನಡೆಸುತ್ತಿರುವ ಗೆಳತಿ, ಎರಡು ತಿಂಗಳು ನಡೆದರೆ ಹೆಚ್ಚು ಎಂದಿದ್ದಳು. ಈಗ ಮೂರನೆಯ ವರ್ಷ ನಡೆಯುತ್ತಿದೆ. ಐವತ್ತಕ್ಕೂ ಹೆಚ್ಚು ಕೂಟಗಳಾಗಿವೆ. ಮಲೆನಾಡಿನ ಆಷಾಢದ ಮಳೆಯಲ್ಲೂ ಹದಿನೇಳು ಹದಿನೆಂಟು ಜನ ಕೊಡೆ ಹಿಡಿದು ಬಂದು ಕೂರುತ್ತಾರೆ. ಕಳೆದ ದೀಪಾವಳಿಯ ಹೊತ್ತಿಗೆ ಅದೇ ಗೆಳತಿ ನನ್ನ ಚೀಟಿಗಳ ಕಟ್ಟನ್ನು ಒಂದು ವಾರದ ಮಟ್ಟಿಗೆ ಎರವಲು ಕೇಳಿದಳು. ಕೊಟ್ಟೆ. ಕೊಡುವಾಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಇನ್ನೂ ಕೆಲವರು ಕೇಳುತ್ತಿರುವುದರಿಂದ ಎಲ್ಲವನ್ನೂ ಒಮ್ಮೆ ಬರೆದಿಡುತ್ತಿದ್ದೇನೆ.

ಬಳಗ ಕಟ್ಟುವುದು ಹೇಗೆ, ಪುಸ್ತಕ ಆರಿಸುವುದು ಹೇಗೆ ಎಂಬುದನ್ನೆಲ್ಲ ಬಿಡುತ್ತೇನೆ. ಅದು ಓದುವವರಿಗೆ ಗೊತ್ತೇ ಇದೆ. ನನ್ನ ಆಸೆ ಒಂದೇ ಆಗಿತ್ತು. ನಮ್ಮ ಹಳೆಯ ಕಾದಂಬರಿಗಳಲ್ಲಿ ‘ಒಲ್ಲೆ’ ಎಂದ ಹೆಣ್ಣುಮಕ್ಕಳನ್ನು ಇಂದಿನವರು ಓದಬೇಕು, ಆ ‘ಒಲ್ಲೆ’ಯ ಭಾರ ಅವರ ಮೈಗೆ ತಾಗಬೇಕು. ಇಪ್ಪತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳಿಗೆ ಇದೇನು ಕಷ್ಟ ಎಂದುಕೊಂಡೇ 2017ರಲ್ಲಿ ಶುರು ಮಾಡಿದ್ದೆ.

ಮೊದಲ ವರ್ಷ ಉಪನ್ಯಾಸ ಮಾಡಿಸಿ ಕೆಟ್ಟೆ. ಸ್ತ್ರೀ ಪ್ರತಿರೋಧ ಎಂಬ ವಿಷಯ ಕೊಟ್ಟು ಹೊರಗಿನಿಂದ ವಿದ್ವಾಂಸರನ್ನು ಕರೆಸಿದೆ. ಒಂದು ಸಲಕ್ಕೆ ಗೌರವಧನ ಎರಡು ಸಾವಿರ, ಪ್ರಯಾಣ ಖರ್ಚು ಸುಮಾರು ಸಾವಿರ, ಸಭಾಂಗಣದ ಬಾಡಿಗೆ ಮುನ್ನೂರು, ಬ್ಯಾನರ್, ಚಹಾ, ಬಿಸ್ಕತ್ತು. ಮೊದಲ ಸಭೆಗೆ ನಲವತ್ತು ಜನ ಬಂದರು, ನಾಲ್ಕನೆಯದಕ್ಕೆ ಒಂಬತ್ತು. ಆ ಒಂಬತ್ತರಲ್ಲಿ ಇಬ್ಬರು ನನ್ನ ಮನೆಯವರು. ಬಂದವರು ಪ್ರತಿರೋಧದ ಬಗ್ಗೆ ಕೇಳಿಸಿಕೊಂಡು ಹೋದರು, ಪುಸ್ತಕವನ್ನು ಮಾತ್ರ ಒಬ್ಬರೂ ಮುಟ್ಟಲಿಲ್ಲ. ಆ ವರ್ಷ ಕೈಯಿಂದ ಹೋದದ್ದು ಹದಿನೆಂಟು ಸಾವಿರದ ಆಸುಪಾಸು.

ಎರಡನೆಯ ವರ್ಷ, ಎಲ್ಲರೂ ಮನೆಯಲ್ಲಿ ಓದಿ ಬಂದು ಚರ್ಚಿಸುವುದು ಎಂದು ಗೊತ್ತು ಮಾಡಿದೆ. ಹದಿನಾಲ್ಕು ಪ್ರತಿ ಕೊಂಡು ಹಂಚಿದೆ. ಎರಡೂವರೆ ಸಾವಿರ ಆಗಿರಬೇಕು. ಪೂರ್ತಿ ಓದಿ ಬಂದವರು ಮೂವರು. ಐದು ಪ್ರತಿಗಳು ಇವತ್ತಿಗೂ ವಾಪಸು ಬಂದಿಲ್ಲ. ಆದರೆ ನನಗೆ ನಾಟಿದ್ದು ಆ ನಷ್ಟವಲ್ಲ. ಆಗ ನಾವು ಓದುತ್ತಿದ್ದದ್ದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಬಾಲವಿಧವೆ ಇಂದಿರೆ ತಂದೆ ತಾಯಿಯ ಮನೆ ಬಿಟ್ಟು ಅಮೃತರಾಯರ ಆಶ್ರಯಕ್ಕೆ ಬರುತ್ತಾಳೆ, ಓದುತ್ತಾಳೆ, ಕೊನೆಗೆ ಭಾಸ್ಕರರಾಯನನ್ನು ಮರುಮದುವೆಯಾಗುತ್ತಾಳೆ. ಪೂರ್ತಿ ಓದಿ ಬಂದಿದ್ದ ಮೂವರಲ್ಲಿ ಒಬ್ಬಳು ಪದವಿ ಓದುತ್ತಿದ್ದ ಹುಡುಗಿ. ಅವಳು ನೇರವಾಗಿ ಕೇಳಿದಳು: “ವಿಧವಾ ವಿವಾಹಕ್ಕೆ 1856ರಲ್ಲೇ ಕಾಯ್ದೆ ಬಂದಿತ್ತಲ್ಲ ಮೇಡಂ. ಇವಳು ಮದುವೆಯಾದದ್ದು ಆಮೇಲೆ. ಇದರಲ್ಲಿ ಪ್ರತಿರೋಧ ಎಲ್ಲಿದೆ?”

ನನ್ನ ಹತ್ತಿರ ಉತ್ತರವಿತ್ತು. ಹತ್ತು ನಿಮಿಷ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ಅವಳಿಗೆ ಏನೂ ತಾಗಲಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಆ ಪ್ರಶ್ನೆಗೆ ಬಾಯಿಯಿಂದ ಹೇಳುವ ಉತ್ತರ ಸಾಲದು ಎಂಬುದನ್ನು ಅರಿಯಲು ನನಗೆ ಇನ್ನೂ ಮೂರು ವರ್ಷ ಬೇಕಾಯಿತು.

ನಡುವೆ ಪ್ರಶ್ನೆಪತ್ರಿಕೆಯ ಪ್ರಯೋಗವನ್ನೂ ಮಾಡಿದೆ. ‘ನಾಯಕಿ ಯಾವ ಯಾವ ಕಟ್ಟಳೆಗಳನ್ನು ಮೀರಿದಳು, ಪಟ್ಟಿ ಮಾಡಿ’ ಎಂಬ ತರಹದ್ದು. ಮೇಷ್ಟರ ಕೈ ಸುಮ್ಮನಿರುವುದಿಲ್ಲ. ಹೊಲಿಗೆ ಅಂಗಡಿ ನಡೆಸುವ ಅಕ್ಕನೊಬ್ಬರು ಕಾಗದವನ್ನು ನಾಲ್ಕಾಗಿ ಮಡಚಿ ನನ್ನ ಕೈಗೆ ವಾಪಸು ಕೊಟ್ಟು, “ಪರೀಕ್ಷೆ ಸಾಕೆಂದೇ ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟದ್ದು, ಟೀಚರ್” ಎಂದರು. ಮುಂದಿನ ಮೂರು ಕೂಟಕ್ಕೆ ಬರಲಿಲ್ಲ. ಅವರನ್ನು ಮರಳಿ ಕರೆತರಲು ಮನೆಗೇ ಹೋಗಬೇಕಾಯಿತು.

ಅಷ್ಟರಲ್ಲಿ ಕೊರೊನಾ ಬಂತು, ಬಳಗ ನಿಂತಿತು. ದಾರಿ ಸಿಕ್ಕಿದ್ದು ಆ ಬಿಡುವಿನಲ್ಲಿ, ಅದೂ ನಮ್ಮ ಮನೆಯ ಜಗಲಿಯಲ್ಲಿ. ನನ್ನ ಅತ್ತೆಗೆ ಆಗ ತೊಂಬತ್ತರ ಹತ್ತಿರ. ಕಣ್ಣು ಮಂಜಾಗಿತ್ತು. ಸಂಜೆ ಹೊತ್ತು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಹರೆಯದ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿಯುತ್ತಾಳಲ್ಲ, ಆ ಭಾಗಕ್ಕೆ ಬಂದಾಗ ಅತ್ತೆ ನನ್ನ ಓದನ್ನು ಕೈಯೆತ್ತಿ ನಿಲ್ಲಿಸಿದರು. ತಮ್ಮ ಸೋದರತ್ತೆಯ ಕೂದಲು ತೆಗೆಸಿದ ದಿನ ಮನೆಯಲ್ಲಿ ಯಾರು ಯಾರು ಏನೆಂದರು ಎಂದು ಒಬ್ಬೊಬ್ಬರ ದನಿಯಲ್ಲೇ ಹೇಳತೊಡಗಿದರು. ಅಜ್ಜ ಹೀಗೆಂದರು, ಪುರೋಹಿತರು ಹೀಗೆಂದರು, ನೆರೆಮನೆಯವಳು ಬೇಲಿಯಾಚೆಯಿಂದ ಹೀಗೆಂದಳು, ನೀರು ಕಾಯಿಸುತ್ತಿದ್ದ ದೊಡ್ಡಮ್ಮ ಅಳುತ್ತಲೇ ಹೀಗೆಂದಳು. ಆ ಸೋದರತ್ತೆ ಏನೆಂದಳು ಎಂದು ಕೇಳಿದೆ. “ಅವಳೇನು ಹೇಳುವುದು? ಕೂತಿದ್ದಳು” ಎಂದರು.

ಮತ್ತೆ ಪುಸ್ತಕ ತೆರೆದು ಓದಿದಾಗ ದಾಕ್ಷಾಯಿಣಿಯ ಹಟ ನನಗೇ ಬೇರೆಯಾಗಿ ಕೇಳಿಸಿತು. ಅದೇ ಸಾಲುಗಳು, ನಾನು ಹತ್ತು ಸಲವಾದರೂ ಓದಿದ್ದವು. ಸುತ್ತ ನಿಂತವರೆಲ್ಲರ ದನಿ ಕಿವಿಯಲ್ಲಿ ತುಂಬಿಕೊಂಡ ಮೇಲೆ ಒಂದು ಹುಡುಗಿಯ ‘ಆಗುವುದಿಲ್ಲ’ ಎಂಬ ಮಾತಿಗೆ ಎದೆ ನಡುಗುತ್ತದೆ. ನಾನು ಇಷ್ಟು ವರ್ಷ ನಾಯಕಿಯನ್ನು ತೋರಿಸುತ್ತಿದ್ದೆ. ತೋರಿಸಬೇಕಾಗಿದ್ದದ್ದು ಅವಳ ಎದುರು ನಿಂತವರನ್ನು.

2022ರಲ್ಲಿ ಬಳಗ ಮತ್ತೆ ಸೇರಿದಾಗ ಹೀಗೆ ಮಾಡಿದೆ. ಕಾದಂಬರಿಯಲ್ಲಿ ಹೆಣ್ಣು ತಿರುಗಿ ನಿಲ್ಲುವ ಪುಟವನ್ನು ಮೊದಲೇ ಗುರುತಿಸಿಕೊಳ್ಳುವುದು. ಅದಕ್ಕೆ ಹತ್ತು ಹನ್ನೆರಡು ಪುಟ ಹಿಂದಿನಿಂದ ಗಟ್ಟಿಯಾಗಿ ಓದುತ್ತಾ ಬರುವುದು, ಸುಮಾರು ಅರ್ಧ ಗಂಟೆ. ಅವಳು ಹೆಜ್ಜೆ ಎತ್ತುವ ಮೊದಲೇ ಪುಸ್ತಕ ಮುಚ್ಚುವುದು. ನಡುವೆ ಒಂದು ಖಾಲಿ ಕುರ್ಚಿ, ಅದು ಅವಳದು. ಆಮೇಲೆ ಎಂಟು ಹತ್ತು ಜನಕ್ಕೆ ಚೀಟಿ ಹಂಚುವುದು: ನೀನು ತಾಯಿ, ನೀನು ತಂದೆ, ನೀನು ನೆರೆಯವಳು, ನೀನು ಮದುವೆಯಾಗದ ತಂಗಿ. ಒಬ್ಬೊಬ್ಬರೂ ಕುರ್ಚಿಯ ಕಡೆ ತಿರುಗಿ ಮಾತಾಡಬೇಕು. ಕುರ್ಚಿ ಉತ್ತರ ಕೊಡುವುದಿಲ್ಲ. ಎಲ್ಲರ ಮಾತು ಮುಗಿದ ಮೇಲೆ ನಡುವೆ ಒಂದಕ್ಷರ ವಿವರಣೆ ಇಲ್ಲದೆ ಪುಸ್ತಕ ತೆರೆದು ಮುಂದಿನದನ್ನು ಓದುವುದು.

ಕೇಳುವುದಕ್ಕೆ ಸರಳ. ಸರಿಯಾಗಿ ಕೂರಲು ಏಳೆಂಟು ಕೂಟ ಹಿಡಿಯಿತು. ಮೊದಲು ಚೀಟಿಯಲ್ಲಿ ಮಾತನ್ನೇ ಬರೆದು ಕೊಡುತ್ತಿದ್ದೆ. ಜನ ಅದನ್ನು ಶಾಲಾ ವಾರ್ಷಿಕೋತ್ಸವದ ನಾಟಕದಂತೆ ಒಪ್ಪಿಸಿದರು. ಮಾತು ತೆಗೆದು ಸ್ವಭಾವ ಬರೆದೆ: ‘ನೀನು ಸಂಪ್ರದಾಯಸ್ಥ ತಂದೆ’. ಎಲ್ಲರೂ ಮೀಸೆ ತಿರುವಿ ಗದರಿಸುವ ತಂದೆಯಾದರು. ಕೊನೆಗೆ ಹಿಡಿತ ಸಿಕ್ಕಿದ್ದು ನಷ್ಟವನ್ನು ಬರೆದಾಗ. ‘ನೀನು ತಾಯಿ. ಇವಳು ಹೊರಗೆ ಹೋದರೆ ಇವಳ ತಂಗಿಗೆ ಗಂಡು ಸಿಗುವುದಿಲ್ಲ.’ ‘ನೀನು ತಂದೆ. ನಾಳೆಯಿಂದ ನಿನ್ನ ಮನೆಯಲ್ಲಿ ಯಾರೂ ಎಲೆ ಹಾಕಿ ಕೂರುವುದಿಲ್ಲ.’ ಇಷ್ಟೇ, ಎರಡು ಸಾಲು. ಇವಳು ಗೆದ್ದರೆ ನಿನಗೆ ಏನು ಹೋಗುತ್ತದೆ ಎಂಬುದು ತಿಳಿದ ಕೂಡಲೇ ಮಾತು ತಾನಾಗಿ ಬರುತ್ತದೆ, ಮತ್ತು ಆ ಮಾತು ಗದರಿಕೆಯಾಗಿ ಬರುವುದಿಲ್ಲ.

ನಾಯಕಿಯ ಚೀಟಿಯನ್ನು ಯಾರಿಗೂ ಕೊಡಬೇಡಿ ಎಂದು ಒತ್ತಿ ಹೇಳುತ್ತೇನೆ. ನಾನು ಒಮ್ಮೆ ಕೊಟ್ಟಿದ್ದೆ, ಒಳ್ಳೆಯ ಮಾತುಗಾರ್ತಿಯಾದ ಉಪನ್ಯಾಸಕಿಯೊಬ್ಬರಿಗೆ. ಅವರು ಹಕ್ಕು, ಸಮಾನತೆ, ಸ್ವಾಭಿಮಾನ ಎಂದು ಇಪ್ಪತ್ತು ನಿಮಿಷ ಚೆನ್ನಾಗಿ ಮಾತಾಡಿದರು. ಆಮೇಲೆ ಪುಸ್ತಕ ಓದಿದರೆ ಪಾಪ ಇಂದಿರೆ ಸಪ್ಪೆಯಾಗಿ ಕೇಳಿಸಿದಳು. 1899ರ ಹುಡುಗಿಯ ಹತ್ತಿರ ಆ ಮಾತುಗಳು ಇರಲಿಲ್ಲ. ಕಾಲು ಇತ್ತು, ಹೊಸಿಲು ದಾಟಿದಳು. ನಮ್ಮ ಹಳೆಯ ಕಾದಂಬರಿಗಳ ಹೆಚ್ಚಿನ ಹೆಣ್ಣುಮಕ್ಕಳು ಮಾತಿನಲ್ಲಿ ಎದುರು ನಿಲ್ಲುವುದಿಲ್ಲ, ನಡೆಯಲ್ಲಿ ನಿಲ್ಲುತ್ತಾರೆ. ಅವರ ಬಾಯಲ್ಲಿ ನಮ್ಮ ಮಾತು ತುರುಕಿದರೆ ಅವರು ಚಿಕ್ಕವರಾಗುತ್ತಾರೆ.

ಇಂದಿರೆಯನ್ನು ಹೊಸ ವಿಧಾನದಲ್ಲಿ ಮತ್ತೆ ಓದಿಸಿದ ದಿನ ಆ ಪದವಿಯ ಹುಡುಗಿಯನ್ನು ಬೇಕೆಂದೇ ಕರೆಸಿದೆ. ಅಷ್ಟು ಹೊತ್ತಿಗೆ ಅವಳಿಗೆ ಕೆಲಸವಾಗಿತ್ತು. ತಾಯಿಯ ಚೀಟಿ ಅವಳಿಗೇ ಬಂತು. ಸಂತರನ್ನು ನಂಬಿ ಮನೆಗೆ ಬಿಟ್ಟುಕೊಂಡ ತಾಯಿ, ಮಗಳಿಗೆ ಅವರ ಸೇವೆಯೇ ಗತಿ ಎಂದು ನಿಜವಾಗಿಯೂ ನಂಬಿದವಳು. ಹುಡುಗಿ ಐದು ನಿಮಿಷ ಕುರ್ಚಿಯ ಮುಂದೆ ನಿಂತು, ‘ನಾನು ನಿನ್ನ ಒಳ್ಳೆಯದಕ್ಕೇ ಹೇಳುವುದು’ ಎಂಬ ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಹೇಳಿದಳು. ಆಮೇಲೆ ನಾನು ಇಂದಿರೆ ಮನೆ ಬಿಡುವ ಭಾಗವನ್ನು ಓದಿದೆ. ಓದು ಮುಗಿದಾಗ ಅವಳು ಅಂದದ್ದು: “ಮದುವೆ ಮುಖ್ಯವೇ ಅಲ್ಲ ಮೇಡಂ. ಆ ಬಾಗಿಲು.” ಕಾಯ್ದೆಯ ಮಾತನ್ನು ಯಾರೂ ಎತ್ತಲಿಲ್ಲ. ಕಾಯ್ದೆ ಬಂದು ನಲವತ್ತು ವರ್ಷ ದಾಟಿದರೂ ಆ ಮನೆಯೊಳಗೆ ಬಂದಿರಲಿಲ್ಲ ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು.

ಒಂದು ಎಚ್ಚರಿಕೆ: ಆ ಕಾಲದ ಕನ್ನಡವನ್ನು ಮೊದಲ ನೋಟಕ್ಕೆ ಗಟ್ಟಿಯಾಗಿ ಓದಲಾಗದು, ವಾಕ್ಯಗಳು ಉದ್ದ. ಮನೆಯಲ್ಲಿ ಎರಡು ಸಲವಾದರೂ ಬಾಯಿಬಿಟ್ಟು ಓದಿಕೊಂಡು, ಉಸಿರು ಎಲ್ಲಿ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ.

ನನಗೆ ಅತಿ ಹೆಚ್ಚು ಕಲಿಸಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಏಳುನೂರು ಪುಟ ದಾಟುವ ಕಾದಂಬರಿಯನ್ನು ಬಳಗದಲ್ಲಿ ಪೂರ್ತಿ ಓದಿಸುವ ಗೋಜಿಗೆ ಹೋಗಲಿಲ್ಲ. ಹೂವಳ್ಳಿ ಚಿನ್ನಮ್ಮ ಸಿಂಬಾವಿ ಭರಮೈ ಹೆಗ್ಗಡೆಯೊಂದಿಗಿನ ಮದುವೆ ಒಲ್ಲದೆ ರಾತ್ರಿಯಲ್ಲಿ ಮನೆ ಬಿಟ್ಟು ಕಾಡು ಹತ್ತುವ ಭಾಗವೊಂದನ್ನೇ ಹಿಡಿದೆ. ನಮ್ಮ ಊರಿನವರಿಗೆ ಆ ಕಾಡನ್ನು ವಿವರಿಸಬೇಕಾಗಿಲ್ಲ. ಮನೆಯವರ ಚೀಟಿ, ದಿಬ್ಬಣದವರ ಚೀಟಿ, ಅಡುಗೆಗೆ ಬಂದವರ ಚೀಟಿ ಎಲ್ಲ ಬರೆದೆ. ಎಣಿಸಿದಾಗ ಒಬ್ಬರಿಗೆ ಚೀಟಿ ಸಾಲದೆ ಬಂತು. ಅವಸರದಲ್ಲಿ ‘ನೀನು ಪೀಂಚಲು. ಇವಳನ್ನು ಕರೆದುಕೊಂಡು ಹೋಗಬೇಕಾದವಳು ನೀನು’ ಎಂದು ಗೀಚಿ ಕೊಟ್ಟೆ. ಪೀಂಚಲು ಐತನ ಹೆಂಡತಿ, ಘಟ್ಟದ ಕೆಳಗಿನಿಂದ ಬಂದ ಆಳುಮಗಳು. ಅವಳು ಎದುರು ದನಿಯಲ್ಲ, ಜೊತೆಗಾರ್ತಿ. ನನ್ನ ನಿಯಮಕ್ಕೆ ವಿರುದ್ಧವಾದ ಚೀಟಿ ಅದು.

ಅದು ಹೋದದ್ದು ತೋಟದ ಕೂಲಿಗೆ ಹೋಗುವ, ಆಗಷ್ಟೇ ಬಳಗಕ್ಕೆ ಸೇರಿದ್ದ ಹೆಣ್ಣುಮಗಳಿಗೆ. ಅವಳು ಕುರ್ಚಿಯನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಸಿಕ್ಕಿಬಿದ್ದರೆ ನಿಮ್ಮನ್ನು ಬೈದು ಒಳಗೆ ಕರೆದುಕೊಳ್ಳುತ್ತಾರೆ ಅಮ್ಮಾ. ನನಗೂ ನನ್ನ ಗಂಡನಿಗೂ ನಿಲ್ಲಲು ನೆಲ ಇರುವುದಿಲ್ಲ. ಆದರೂ ಬನ್ನಿ.” ಅಷ್ಟೇ. ಎರಡು ದಶಕ ಆ ಕಾದಂಬರಿಯ ಬಗ್ಗೆ ಮಾತಾಡಿದ್ದೇನೆ, ಚಿನ್ನಮ್ಮನ ಧೈರ್ಯವನ್ನು ಹೊಗಳಿದ್ದೇನೆ. ಅವಳ ಧೈರ್ಯದ ಅರ್ಧ ಭಾರವನ್ನು ಹೊತ್ತವಳು ಪೀಂಚಲು ಎಂಬುದನ್ನು ಈ ಹೆಣ್ಣುಮಗಳು ಹೇಳುವವರೆಗೆ ನಾನು ಗಟ್ಟಿಯಾಗಿ ಒಮ್ಮೆಯೂ ಹೇಳಿರಲಿಲ್ಲ. ಅಂದಿನಿಂದ ಪ್ರತಿ ಕಟ್ಟಿನಲ್ಲೂ ಒಂದು ಜೊತೆಗಾರ್ತಿಯ ಚೀಟಿ ಇಡುತ್ತೇನೆ. ಅದು ಯಾರ ಕೈಗೆ ಹೋಗಬೇಕು ಎಂಬುದನ್ನು ನಾನೇ ನಿರ್ಧರಿಸುತ್ತೇನೆ, ನೋಡುವವರಿಗೆ ಮಾತ್ರ ಕುಲುಕಿ ಹಂಚಿದಂತೆ ಕಾಣುತ್ತದೆ. ಹೇಗೆ ಎಂದು ಗೆಳತಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ತ್ರಿವೇಣಿಯವರ ‘ಬೆಳ್ಳಿಮೋಡ’ದಲ್ಲಿ ಬೇರೆ ತೊಡಕು. 1967ರ ಸಿನಿಮಾವನ್ನು ನೋಡದವರೇ ಇಲ್ಲ, ನಾಯಕಿ ಇಂದಿರಾ ಕೊನೆಗೆ ತನ್ನನ್ನು ಮದುವೆಯಾಗಬೇಕಿದ್ದ ಮೋಹನನನ್ನು ಒಲ್ಲೆ ಎನ್ನುತ್ತಾಳೆ ಎಂಬುದು ಎಲ್ಲರಿಗೂ ಬಾಯಿಪಾಠ. ಅಲ್ಲಿ ನಿಲ್ಲಿಸಿದರೆ ಕುತೂಹಲವೇ ಇಲ್ಲ. ಒಂದು ಕೂಟ ಹಾಗೆ ಹಾಳಾಯಿತು. ಎರಡನೆಯ ಸಲ ಮೊದಲೇ ನಿಲ್ಲಿಸಿದೆ, ಗಾಯಗೊಂಡ ಮೋಹನನಿಗೆ ಅವಳು ಶುಶ್ರೂಷೆ ಮಾಡುತ್ತಿರುವಲ್ಲಿ. ಚೀಟಿಗಳಲ್ಲಿ ಒಬ್ಬರನ್ನೂ ಕೆಟ್ಟವರನ್ನಾಗಿ ಮಾಡಲಿಲ್ಲ, ಎಲ್ಲರೂ ಅವಳ ಹಿತ ಬಯಸುವವರೇ. ಹೊಲಿಗೆಯ ಅಕ್ಕ ಕುರ್ಚಿಯ ಪಕ್ಕದಲ್ಲಿ ಕೂತು, ಅದರ ಕೈಯನ್ನು ಸವರುತ್ತಾ, “ಹುಡುಗನಿಗೆ ಬುದ್ಧಿ ಬಂದಿದೆ ಮಗಳೇ, ನಿನಗೂ ಯಾರಾದರೂ ಬೇಕಲ್ಲ” ಎಂದರು. ಆ ಮೆತ್ತನೆಯ ಮಾತನ್ನು ದಾಟುವುದು ಗದರಿಕೆಯನ್ನು ದಾಟುವುದಕ್ಕಿಂತ ಎಷ್ಟು ಕಷ್ಟ ಎಂದು ಅಂದು ಎಲ್ಲರಿಗೂ ಕಂಡಿತು. ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿತೆಂದು ದೂರ ಸರಿದವನನ್ನು ಉಪಚರಿಸುವಷ್ಟು ಕರುಣೆ ಇದೆ, ಕಟ್ಟಿಕೊಳ್ಳುವಷ್ಟು ಮರೆವು ಇಲ್ಲ. ಇವೆರಡೂ ಒಬ್ಬಳಲ್ಲೇ ಇರಬಹುದು ಎಂದು ಬರೆದ ತ್ರಿವೇಣಿ 35 ತುಂಬುವುದರೊಳಗೆ, 1963ರಲ್ಲಿ ತೀರಿಕೊಂಡರು. ಅವರನ್ನು ‘ಹೆಂಗಸರ ಕಾದಂಬರಿಗಾರ್ತಿ’ ಎಂದು ಬದಿಗಿಟ್ಟವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಕಾರಂತರ ಹತ್ತಿರ ನನ್ನ ಚೀಟಿ ಸೋತಿತು. ‘ಮರಳಿ ಮಣ್ಣಿಗೆ’ಯ ಪಾರೋತಿ, ಸರಸೋತಿ, ನಾಗವೇಣಿ ಮೂವರೂ ನನಗೆ ಪ್ರಿಯರು. ಆದರೆ ಅವರು ತಿರುಗಿ ನಿಲ್ಲುವ ಪುಟ ಎಂದು ಬೆರಳಿಟ್ಟು ತೋರಿಸುವಂಥದ್ದು ನನಗೆ ಸಿಗಲಿಲ್ಲ. ದುಡಿಯುತ್ತಾರೆ, ಸಹಿಸುತ್ತಾರೆ, ಮನೆ ಮುಳುಗದಂತೆ ಎತ್ತಿ ಹಿಡಿಯುತ್ತಾರೆ. ಎರಡು ಸಲ ಚೀಟಿ ಬರೆದೆ, ಎರಡು ಸಲವೂ ಕೂಟ ಎಳೆದಾಡಿತು. ಮೂರನೆಯ ಸಲ ಚೀಟಿ ಬಿಟ್ಟು, ಒಂದು ಅಧ್ಯಾಯದಲ್ಲಿ ಗಂಡಸರು ಮಾಡಿದ ಕೆಲಸ ಒಂದು ಕಡೆ, ಹೆಂಗಸರು ಮಾಡಿದ್ದು ಇನ್ನೊಂದು ಕಡೆ, ಕಪ್ಪು ಹಲಗೆಯ ಮೇಲೆ ಬರೆಯುತ್ತಾ ಓದಿದೆವು. ಹೆಂಗಸರ ಸಾಲು ಹಲಗೆಯ ಕೆಳಗಿನ ಅಂಚಿಗೆ ಬಂದಾಗ ಒಬ್ಬರು ಮೇಲಿನಿಂದ ಅಳಿಸಲು ಕೈಯೆತ್ತಿದರು, ಇನ್ನೊಬ್ಬರು ತಡೆದರು. ಇದನ್ನು ಪ್ರತಿರೋಧ ಎನ್ನಬಹುದೇ ಎಂಬುದು ಅಂದು ತೀರ್ಮಾನವಾಗಲಿಲ್ಲ. ಅದು ಒಳ್ಳೆಯ ಕೂಟವೇ ಆಗಿತ್ತು, ಆದರೆ ಅದು ಚೀಟಿಯ ಗೆಲುವಲ್ಲ.

ಬದಿಯ ಪ್ರಯೋಗಗಳೂ ಹಲವು. ಒಮ್ಮೆ ಗಮಕಿಯೊಬ್ಬರನ್ನು ಕರೆಸಿ ಕುಮಾರವ್ಯಾಸನ ಸಭಾಪರ್ವ ವಾಚನ ಮಾಡಿಸಿದೆ. ಅರಸ ಮೊದಲು ತನ್ನನ್ನು ಸೋತನೋ ನನ್ನನ್ನೋ ಎಂದು ದ್ರೌಪದಿ ಕೇಳಿಸುವ ಪ್ರಶ್ನೆಯಲ್ಲಿ ನಿಲ್ಲಿಸಿ ಸಭಾಸದರ ಚೀಟಿ ಹಂಚಿದೆ. ಹತ್ತು ಜನರಲ್ಲಿ ಏಳು ಜನ ಕುರ್ಚಿಯ ಮುಂದೆ ನಿಂತು ಏನೂ ಹೇಳಲಾಗದೆ ಕೂತರು. ಭೀಷ್ಮರ ಚೀಟಿ ಸಿಕ್ಕ ಹಿರಿಯರು, ಮಕ್ಕಳ ಆಟ ಎಂದಿದ್ದವರೇ, ಆ ದಿನದ ನಂತರ ಒಂದು ಕೂಟವನ್ನೂ ತಪ್ಪಿಸಿಲ್ಲ. ಗಮಕಿಗಳಿಗೆ ಎರಡೂವರೆ ಸಾವಿರ ಕೊಟ್ಟೆವು, ಕೊಟ್ಟದ್ದು ಸಾರ್ಥಕ. ಗಂಡಸರಿಗೆ ಹೆಂಗಸರ ಚೀಟಿ, ಹೆಂಗಸರಿಗೆ ಗಂಡಸರ ಚೀಟಿ ಕೊಟ್ಟು ನೋಡಿದೆ. ಗಂಡಸರು ತಾಯಿಯ ಮಾತನ್ನು ಚೆನ್ನಾಗಿ ಆಡುತ್ತಾರೆ, ಕೇಳಿಸಿಕೊಂಡೇ ಬೆಳೆದವರಲ್ಲವೇ. ಹೆಂಗಸರು ತಂದೆಯ ಚೀಟಿ ಹಿಡಿದರೆ ಮಾತ್ರ ಬೇಗ ಮಣಿದುಬಿಡುತ್ತಾರೆ, ಆದ್ದರಿಂದ ಅದನ್ನು ಬಿಟ್ಟೆ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿದ ದಿನ ಯಾರೂ ಮನಸ್ಸು ಬಿಚ್ಚಲಿಲ್ಲ. ಈಗ ಮೊಬೈಲುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿ. ಹೊಸ ಬಳಗದವರು ಕೊಡಗಿನ ಗೌರಮ್ಮನವರ ಕತೆಗಳಿಂದ ಆರಂಭಿಸಿದರೆ ಒಳ್ಳೆಯದು. ಚಿಕ್ಕ ಕತೆಗಳು, ಒಂದೇ ಕೂಟದಲ್ಲಿ ಮುಗಿಯುತ್ತವೆ. 1939ರಲ್ಲಿ, 27ರ ವಯಸ್ಸಿನಲ್ಲಿ ನೀರುಪಾಲಾದ ಆ ಹೆಣ್ಣುಮಗಳು ಅಷ್ಟರೊಳಗೆ ಬರೆದಿಟ್ಟದ್ದನ್ನು ಓದಿದರೆ ಬಳಗಕ್ಕೆ ಬೇರೆ ಪ್ರೇರಣೆ ಬೇಕಾಗುವುದಿಲ್ಲ.

ಈಗ ಖರ್ಚಿನ ಲೆಕ್ಕ. ಸಭಾಂಗಣ ಬಿಟ್ಟೆವು, ಸದಸ್ಯರ ಮನೆಗಳ ಜಗಲಿಯಲ್ಲಿ ಸರದಿಯ ಮೇಲೆ ಸೇರುತ್ತೇವೆ. ಓದಲು ಒಂದೇ ಪ್ರತಿ ಸಾಕು, ಹದಿನಾಲ್ಕು ಬೇಡ. ಚೀಟಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿ. ತಲೆಗೆ ಇಪ್ಪತ್ತು ರೂಪಾಯಿ ಡಬ್ಬಿಗೆ ಹಾಕುತ್ತಾರೆ, ಕೊಡಲಾಗದವರನ್ನು ಕೇಳುವುದಿಲ್ಲ. ಚಹಾ, ಅವಲಕ್ಕಿ ಸೇರಿ ಒಂದು ಕೂಟಕ್ಕೆ ಇನ್ನೂರೈವತ್ತು ದಾಟುವುದಿಲ್ಲ. ಕಳೆದ ವರ್ಷದ ಕೊನೆಗೆ ಡಬ್ಬಿಯಲ್ಲಿ ಎರಡು ಸಾವಿರದಷ್ಟು ಉಳಿದಿತ್ತು, ಅದರಲ್ಲಿ ಪುಸ್ತಕ ಕೊಂಡೆವು. ಮೊದಲ ಎರಡು ವರ್ಷದಲ್ಲಿ ಸುರಿದ ಇಪ್ಪತ್ತು ಸಾವಿರಕ್ಕೂ ಮಿಕ್ಕ ಹಣದಿಂದ ಆಗದ ಕೆಲಸ ಇದು.

ಓದು ಮುಗಿದ ಮೇಲೆ ಒಂದು ಮೌನ ಬರುತ್ತದೆ. ಅದನ್ನು ಒಡೆಯಲು ನಾನು ಕೇಳುವ ಒಂದು ಪ್ರಶ್ನೆ ಇದೆ, ಪ್ರತಿ ಸಲವೂ ಅದೇ. ಅದನ್ನೂ ಬರೆಯುವುದಿಲ್ಲ. ಬಂದು ಕೂತವರಿಗೆ ಗೊತ್ತಾಗುತ್ತದೆ.

ಮುಂದಿನ ತಿಂಗಳಿಗೆ ‘ಮೂಕಜ್ಜಿಯ ಕನಸುಗಳು’ ಎತ್ತಿಕೊಂಡಿದ್ದೇವೆ. ಚೀಟಿ ಬರೆಯುವ ಕೆಲಸವನ್ನು, ಅಂದು ಕಾಯ್ದೆಯ ಪ್ರಶ್ನೆ ಕೇಳಿದ್ದ ಆ ಪದವಿಯ ಹುಡುಗಿಗೇ ವಹಿಸಿದ್ದೇನೆ. ಅಜ್ಜಿ ಬಾಯಿ ಬಿಡುವ ಹೊತ್ತಿಗೆ ಅವಳನ್ನು ಸುಮ್ಮನಿರಿಸಬಲ್ಲವರು ಯಾರೂ ಉಳಿದಿಲ್ಲ, ಕೇಳಿಸಿಕೊಳ್ಳಲು ಮೊಮ್ಮಗ ಸುಬ್ಬರಾಯನಿದ್ದಾನೆ. ಹಾಗಾದರೆ ಎದುರು ದನಿ ಯಾರದು? ಬಾಲ್ಯದಲ್ಲೇ ವಿಧವೆಯಾದ ಹುಡುಗಿಯ ಸುತ್ತ ಅಂದು ನಿಂತಿದ್ದವರ ಚೀಟಿ ಬರೆಯೋಣ, ಅವರು ಎಂಬತ್ತರ ಅಜ್ಜಿಯ ಕುರ್ಚಿಗೆ ಮಾತಾಡಲಿ ಎನ್ನುತ್ತಾಳೆ ಅವಳು. ಅಷ್ಟು ವರ್ಷದ ಅಂತರ ನಮ್ಮ ಜಗಲಿಯಲ್ಲಿ ದಾಟುತ್ತದೆಯೇ ಎಂದು ನನಗೆ ಅನುಮಾನ. ಆರು ಚೀಟಿ ಬರೆದು ತಂದಿದ್ದಳು, ನಾಲ್ಕನ್ನು ಇಟ್ಟುಕೊಂಡಿದ್ದೇನೆ.